ಬಾಗಿಲೊಳಗೆ ಕಳೆದುಹೋಗಿದ್ದ ಬೇಸ್

ಕಾರಿಗೆ ಹೊಸ ಸ್ಪೀಕರ್ ಹಾಕಿಸಿದ ದಿನ ಖುಷಿಗಿಂತ ಬೇಜಾರೇ ಜಾಸ್ತಿ ಆಯಿತು. ಹಾಡಿನ ದನಿ ಕಿವಿಗೆ ಚುಚ್ಚುತ್ತಿತ್ತು, ಡೋಲಿನಂಥ ತಗ್ಗು ದನಿ, ಅದೇ ಬೇಸ್, ಅಂತೂ ಮಾಯ. ಡಬ್ಬದ ಮೇಲೆ ದಪ್ಪಕ್ಷರದಲ್ಲಿದ್ದ ಪೀಕ್ ವ್ಯಾಟ್ (ಅರೆಕ್ಷಣ ಮಾತ್ರ ತಾಳುವ ಪವರ್) ನೋಡಿ ಕೊಂಡಿದ್ದೆ. ನೋಡಬೇಕಿದ್ದದ್ದು ಕೆಳಗೆ ಸಣ್ಣಗೆ ಬರೆದಿದ್ದ ಆರ್‌ಎಂಎಸ್. ಸ್ಪೀಕರ್ ಒಂದೇ ಸಮನೆ ತಾಳಿಕೊಳ್ಳುವ ಪವರ್ ಅದೇ ಅಲ್ವಾ?

ಬಾಗಿಲಿನ ಪ್ಯಾನೆಲ್ ಬಿಚ್ಚಿದರೆ ಎಡಗಡೆ ಸ್ಪೀಕರಿನ ಪ್ಲಸ್, ಮೈನಸ್ ವೈರು ಅದಲುಬದಲು! ಒಂದು ಸ್ಪೀಕರಿನ ಕೋನ್ (ಅದುರುವ ಪರದೆ) ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದರದ್ದು ಹಿಂದಕ್ಕೆ ಎಳೆಯುತ್ತಿತ್ತು. ಬೇಸ್ ಉಳಿಯುವುದಾದರೂ ಹೇಗೆ? ಸರಿಮಾಡಿದೆ. ಹೇಗೂ ಬಿಚ್ಚಿದ್ದಾಗಿದೆ ಅಂತ ಒಳಗಿನ ತಗಡಿಗೆ ಅದರ ಅದುರುವಿಕೆ ತಗ್ಗಿಸುವ ಬ್ಯುಟೈಲ್ ರಬ್ಬರಿನ ಹಾಳೆ ಅಂಟಿಸಿ ರೋಲರಿನಿಂದ ಒತ್ತಿದೆ. ಬೆರಳಲ್ಲಿ ತಟ್ಟಿದರೆ ಮೊದಲು ‘ಟಣ್’ ಅನ್ನುತ್ತಿತ್ತು, ಈಗ ‘ದಪ್’. ಸುಮ್ನೆ ಹೇಳುತ್ತಿಲ್ಲ, ಸ್ಪೀಕರಿಗೆ ಸುರಿದ ದುಡ್ಡಿಗಿಂತ ಈ ಹಾಳೆಯಿಂದಲೇ ಹೆಚ್ಚು ಫರಕ್ಕು ಬಂತು.

ಈಗ ಮುಂದೆ 6.5 ಇಂಚಿನ ಕಾಂಪೊನೆಂಟ್ ಸೆಟ್. ಇದರಲ್ಲಿ ಏರುದನಿ ಹೊರಡಿಸುವ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್, ಬೇರೆಯಾಗಿರುತ್ತದೆ. ಕನ್ನಡಿ ಪಕ್ಕ ಕೂರಿಸಿದ್ದರಿಂದ ದನಿ ಮೊಣಕಾಲಿನ ಹತ್ತಿರದಿಂದ ಬರದೆ ಎದುರಿನಿಂದ ಬರುತ್ತದೆ. ಹಿಂದಿನ ಬಾಗಿಲಿಗೆ ಕಂಪನಿ ಕೊಟ್ಟದ್ದೇ ಸಾಕು. ಡಿಕ್ಕಿಯಲ್ಲಿ ಬೇಸ್‌ಗೆಂದೇ ಇರುವ 8 ಇಂಚಿನ ಸಬ್‌ವೂಫರ್. 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ದನಿ ಅದರ ಪಾಲು, ಮೇಲಿನದು ಬಾಗಿಲಿನವುಗಳದ್ದು.

ಕೊನೆಗೆ ಟೈಮ್ ಅಲೈನ್‌ಮೆಂಟ್, ಅಂದರೆ ಎಲ್ಲ ಸ್ಪೀಕರಿನ ಸದ್ದೂ ಒಟ್ಟಿಗೆ ಕಿವಿ ಮುಟ್ಟುವಂತೆ ಹೊಂದಿಸುವುದು. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಓಡುತ್ತದೆ. ಹತ್ತಿರದ ಸ್ಪೀಕರ್ ದೂರದ್ದಕ್ಕಿಂತ ಎಷ್ಟು ಹತ್ತಿರವಿದೆಯೋ ಆ ಲೆಕ್ಕದಲ್ಲಿ ಅದನ್ನು ತಡಮಾಡಿಸಬೇಕು. ನನ್ನ ಕಿವಿಯ ಹತ್ತಿರ ಟೇಪ್ ಹಿಡಿದು ಅಳೆಯುತ್ತಾ ಹೆಂಡತಿ ಕೇಳಿದಳು, “ಅಂಗಿ ಯಾವಾಗ ಹೊಲಿಸ್ತೀರಿ?”