ಇಲ್ಲಿಗೆ ಬರುವುದು ಕಾಯಿ ಮಾತ್ರ

“ಪರಿಮಳ ಬೇಕಾದ್ರೆ ಊರಿಗೆ ಹೋಗ್ಬೇಕಕ್ಕ. ಇಲ್ಲಿಗೆ ಬರುವುದು ಕಾಯಿ ಮಾತ್ರ.”

ಸಂಕ್ರಾಂತಿಯ ಹಿಂದಿನ ಸಂಜೆ ಮಂಗಳೂರಿನ ಕಂಕನಾಡಿಯ ತರಕಾರಿ ಅಂಗಡಿಯೊಂದರಲ್ಲಿ ಈ ಮಾತು ಕೇಳಿಸಿಕೊಂಡು ಬಂದವಳಿಗೆ ಆ ರಾತ್ರಿ ಊಟ ಸೇರಲಿಲ್ಲ ಎಂದರೆ ಓದುವವರಿಗೆ ನಗು ಬರಬಹುದು. ಮಾತಿನಲ್ಲಿ ಬಿರುಸೇನೂ ಇರಲಿಲ್ಲ. ಹೇಳಿದವರು ಬೇರೆ ಯಾರದೋ ತೊಂಡೆಕಾಯಿಯನ್ನು ತಕ್ಕಡಿಗೆ ಸುರಿಯುತ್ತ, ನನ್ನ ಮುಖವನ್ನೂ ನೋಡದೆ, ಮಳೆ ಬರುತ್ತದೆ ಕೊಡೆ ತಗೊಳ್ಳಿ ಎನ್ನುವಷ್ಟೇ ಸಲೀಸಾಗಿ ಹೇಳಿದ್ದರು. ಆದರೂ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ದೀಪ ಆರಿಸಿ ಮಲಗಿದ ಮೇಲೂ ಆ ಎರಡು ವಾಕ್ಯಗಳು ಹಿಂದೆಯೇ ಬಂದವು.

ನಾನು ಆಗ ಮಾಡುತ್ತಿದ್ದುದಾದರೂ ಏನು? ಗುಡ್ಡೆ ಹಾಕಿದ್ದ ಅವರೆಕಾಯಿಯಿಂದ ಒಂದೊಂದನ್ನೇ ಎತ್ತಿ, ಹೆಬ್ಬೆರಳಿನಿಂದ ಸಿಪ್ಪೆಯನ್ನು ಉಜ್ಜಿ, ಮೂಗಿಗೆ ಹಿಡಿದು, ಮತ್ತೆ ಗುಡ್ಡೆಗೇ ಹಾಕುತ್ತಿದ್ದೆ. ಹತ್ತು ಹನ್ನೆರಡು ಕಾಯಿಗಳ ತನಕ ಅಂಗಡಿಯವರು ಸಹಿಸಿದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ಇಬ್ಬರಲ್ಲಿ ಯಾರು ಹಿರಿಯರೆಂಬುದು ಇಷ್ಟು ವರ್ಷವಾದರೂ ತೀರ್ಮಾನವಾಗಿಲ್ಲ. “ಎಂತಕ್ಕ, ಹಾಳಾಗಿದೆಯಾ?” ಎಂದು ಕೇಳಿದರು. ಹಾಳಾಗಿಲ್ಲ, ಸೊಗಡು ಇದೆಯೇ ಎಂದು ನೋಡುತ್ತಿದ್ದೇನೆ ಎಂದೆ. “ಸೊಗಡಾ? ಹಾಗೆಂದ್ರೆ?” ತಟ್ಟನೆ ಬಾಯಿಗೆ ಬಂದದ್ದು ಪರಿಮಳ ಎಂಬ ಪದ. ಅದಕ್ಕೇ ಆ ಉತ್ತರ ಬಂತು.

ಪರಿಮಳ ಎಂದದ್ದು ನನ್ನದೇ ತಪ್ಪು. ಈ ಕರಾವಳಿಯಲ್ಲಿ ಪರಿಮಳವೆಂದರೆ ಶಂಕರಪುರದ ಮಲ್ಲಿಗೆ. ಸೊಗಡು ಅಂಥ ಸಭ್ಯ ವಸ್ತುವಲ್ಲ. ಅದು ಜಿಡ್ಡಿನ, ಹಸಿಯಾದ, ತುಸು ಒರಟಾದ ವಾಸನೆ. ಹುಟ್ಟಿನಿಂದ ಪರಿಚಯವಿಲ್ಲದವರು ಮೂಗು ಮುಚ್ಚಿಕೊಂಡರೂ ಆಶ್ಚರ್ಯವಿಲ್ಲ. ಪುತ್ತೂರಿನವರಾದ ನನ್ನ ಯಜಮಾನರು ಮದುವೆಯಾದ ವರ್ಷ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಒಳಗೆ ಏನೋ ಎಣ್ಣೆ ಚೆಲ್ಲಿದೆಯೇ ಎಂದು ನನ್ನನ್ನು ಗುಟ್ಟಾಗಿ ಕೇಳಿದ್ದರು. ಕಾಳುಗಳೆಲ್ಲ ಒಂದೇ ಎಂಬುದು ಅವರ ಇಂದಿನ ನಿಲುವು ಕೂಡ. ಒಳ್ಳೆಯ ಮನುಷ್ಯ, ಆದರೆ ಈ ವಿಷಯದಲ್ಲಿ ಅವರೊಡನೆ ಚರ್ಚಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ನಾನು ಮಾಗಡಿ ಕಡೆಯವಳು. ಅವರೆಕಾಯಿಯ ಮಾತು ಬಂದರೆ ಮಾಗಡಿಯವರ ಜಂಬ ಅಷ್ಟಿಷ್ಟಲ್ಲ, ಅದರಲ್ಲಿ ನನ್ನ ಪಾಲೂ ಉಂಟೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ನಾಟಿ ಅವರೆ ಹಗಲು ಚಿಕ್ಕದಾದ ಮೇಲಷ್ಟೇ ಹೂಬಿಡುವ ಗಿಡ. ಮುಂಗಾರಿನಲ್ಲಿ ರಾಗಿಯ ನಡುನಡುವೆ ಅಕ್ಕಡಿ ಸಾಲಾಗಿ ಬಿತ್ತಿದ ಅವರೆ, ರಾಗಿಯ ನೆರಳಿನಲ್ಲಿ ತಾನಿರುವುದೇ ಗೊತ್ತಾಗದಂತೆ ತಿಂಗಳುಗಟ್ಟಲೆ ಇದ್ದು, ರಾಗಿ ಕೊಯ್ದು ಹೊಲ ಬಯಲಾದ ಮೇಲೆ ಒಮ್ಮೆಲೇ ಹಬ್ಬಿಕೊಂಡು, ನೆಲದಲ್ಲಿ ಉಳಿದ ತೇವವನ್ನೂ ರಾತ್ರಿ ಬೀಳುವ ಇಬ್ಬನಿಯನ್ನೂ ನೆಚ್ಚಿ ಕಾಯಿ ಕಟ್ಟುತ್ತದೆ. ಆ ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂಥದ್ದು ಒಸರುತ್ತದೆ. ಸೊಗಡೆಂದರೆ ಅದು. ಚಳಿ ಬಿದ್ದಷ್ಟೂ ಸೊಗಡು ಏರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಇಬ್ಬನಿ ಆರುವ ಮೊದಲೇ ಬಿಡಿಸಿ ತಂದ ಕಾಯಿಯ ಮೂಟೆಯನ್ನು ಅಂಗಳದಲ್ಲಿ ಬಿಚ್ಚಿದರೆ ಹಿತ್ತಲಲ್ಲಿದ್ದವರಿಗೆ ತಿಳಿಯುತ್ತಿತ್ತು. ಸುಲಿದ ಬೆರಳು ಅಂಟಂಟಾಗಿ, ಉಗುರಿನ ಸಂದು ಕಪ್ಪಾಗಿ, ಸೋಪು ಹಾಕಿ ತಿಕ್ಕಿದರೂ ಹೋಗದ ಆ ವಾಸನೆ ಮರುದಿನ ಶಾಲೆಯಲ್ಲಿ ಪುಸ್ತಕ ತೆರೆದಾಗ ಹಾಳೆಗಳಿಗೂ ಹತ್ತಿಕೊಳ್ಳುತ್ತಿತ್ತು.

ಆಮೇಲೆ ಹಿತಕುವ ಕೆಲಸ. ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಅದುಮಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಜಿಗಿಯುತ್ತದೆ. ಗುರಿ ತಪ್ಪಿದರೆ ಎದುರು ಕುಳಿತವರ ಕೆನ್ನೆಗೆ. ಒಂದು ಸೇರು ಕಾಳು ಹಿತಕುವಷ್ಟರಲ್ಲಿ ಮನೆಯ ನಾಲ್ಕು ಹೆಂಗಸರು ಊರಿನ ಅರ್ಧ ಜನರ ವಿಚಾರಣೆ ಮುಗಿಸುತ್ತಿದ್ದರು. ಈಗ ಹಿತಕಿದ ಬೇಳೆ ಪ್ಯಾಕೆಟ್ಟಿನಲ್ಲೂ ಸಿಗುತ್ತದೆ, ಒಮ್ಮೆ ತಂದೂ ಇದ್ದೆ. ಅದರ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ.

ಇಷ್ಟು ಹೇಳಿದ್ದಕ್ಕೆ, ಈ ಊರಿನ ಊಟ ನನಗೆ ಒಗ್ಗಿಲ್ಲವೆಂದು ಯಾರೂ ಭಾವಿಸಬಾರದು. ಮಂಗಳೂರಿಗೆ ಬಂದು 19 ವರ್ಷಗಳಾದವು. ಮೊದಲ ಎರಡು ತಿಂಗಳು ಕುಚ್ಚಲಕ್ಕಿಯ ಅನ್ನ ಗಂಟಲಲ್ಲಿ ಇಳಿಯದೆ ಕಣ್ಣೀರು ಹಾಕಿದವಳು, ಈಗ ಜ್ವರ ಬಂದರೆ ಗಂಜಿ ಮತ್ತು ಮಾವಿನ ಮಿಡಿಯನ್ನೇ ಕೇಳುತ್ತೇನೆ. ಪತ್ರೊಡೆಯನ್ನು ಅತ್ತೆಗಿಂತ ಚೆನ್ನಾಗಿ ಮಾಡುತ್ತೇನೆ. ಇದು ನನ್ನ ಮಾತಲ್ಲ, ಅತ್ತೆಯವರೇ ನೆಂಟರ ಮುಂದೆ ಹೇಳಿದ್ದು. ಅಲಸಂಡೆಗೆ ಎಷ್ಟು ಕಾಯಿತುರಿ, ಬಸಳೆಗೆ ಯಾವ ಹದ ಎಂಬುದೆಲ್ಲ ಕೈಗೆ ಬಂದಿದೆ. ರಾಗಿಹಿಟ್ಟು ಎದುರಿನ ಅಂಗಡಿಯಲ್ಲೇ ಸಿಗುವುದರಿಂದ ಮುದ್ದೆಗೂ ಕೊರತೆಯಿಲ್ಲ. ಕೊರತೆಯೆಂದು ಉಳಿದಿರುವುದು ವರ್ಷದಲ್ಲಿ ಎರಡು ತಿಂಗಳ ಈ ಒಂದು ವಾಸನೆ ಮಾತ್ರ. ಜನವರಿಯ ಮಧ್ಯಾಹ್ನವೂ 33 ಡಿಗ್ರಿ ಸೆಕೆ ಇರುವ ಸಮುದ್ರದ ಬದಿಯ ಊರಿನಲ್ಲಿ ಚಳಿಯಿಂದ ಹುಟ್ಟುವ ವಾಸನೆಯನ್ನು ಹುಡುಕುವುದು ಹುಚ್ಚೆಂದು ನನಗೂ ಗೊತ್ತು.

ಅವರೆಕಾಯಿ ಇಲ್ಲಿಗೆ ಬಾರದೆ ಇರುವುದಿಲ್ಲ. ಡಿಸೆಂಬರ್ ಹಿಡಿಯುತ್ತಲೇ ಘಟ್ಟದ ಮೇಲಿನಿಂದ ಮೂಟೆಗಳು ಶಿರಾಡಿ ಇಳಿಯುತ್ತವೆ. ಇಳಿಯುವಷ್ಟರಲ್ಲಿ ಕಾಯಿ ಬೆವೆತು, ಒಣಗಿ, ಮತ್ತೆ ಬೆವೆತು, ನೋಡಲಿಕ್ಕೆ ಹಸಿರಾಗಿಯೇ ಇದ್ದರೂ ಮೂಗಿಗೆ ಏನನ್ನೂ ಹೇಳದ ಸ್ಥಿತಿಗೆ ಬಂದಿರುತ್ತದೆ. ಏಳು ವರ್ಷಗಳ ಹಿಂದೆ ಇದಕ್ಕೊಂದು ಉಪಾಯವೆಂದು ತಮ್ಮನಿಂದ ಹತ್ತು ಕಿಲೋ ಕಾಯಿಯನ್ನು ಬೆಂಗಳೂರಿನ ರಾತ್ರಿ ಬಸ್ಸಿಗೆ ಹಾಕಿಸಿದ್ದೆ. ಬೆಳಗಿನ ಆರೂವರೆಗೆ ಪಂಪ್‌ವೆಲ್ಲಿನಲ್ಲಿ ನಿಂತು ಇಳಿಸಿಕೊಂಡ ಚೀಲದ ಬಾಯಿ ಬಿಚ್ಚಿ ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು, ಜ್ವರದ ಮಗುವಿನ ಕಂಕುಳು ಮುಟ್ಟಿದಂತೆ. ಸೊಗಡು ಹೋಗಿ ನೆನೆದ ಗೋಣಿಯ ಹುಳಿ ವಾಸನೆ ಬಂದಿತ್ತು. ಎಸೆಯಲು ಮನಸ್ಸಾಗದೆ ಸಾರು ಮಾಡಿ ಪಕ್ಕದ ಮನೆಗೂ ಕೊಟ್ಟೆ. ಪಾತ್ರೆ ಹಿಂದಿರುಗಿಸುವಾಗ ಅವರು, “ಒಳ್ಳೆದಾಗಿತ್ತು, ತೆಂಗಿನಕಾಯಿ ಮಾತ್ರ ಸ್ವಲ್ಪ ಕಡಿಮೆ ಆಯ್ತಾ ಅಂತ” ಎಂದರು. ಕರಾವಳಿಯವರಿಗೆ ಜಗತ್ತಿನ ಯಾವ ಅಡುಗೆಯಲ್ಲೂ ತೆಂಗಿನಕಾಯಿ ಸ್ವಲ್ಪ ಕಡಿಮೆಯೇ ಆಗಿರುತ್ತದೆ.

ಹೀಗಾಗಿ, ಇಲ್ಲಿಗೆ ಬರುವುದು ಕಾಯಿ ಮಾತ್ರ ಎಂಬ ಮಾತಿನಲ್ಲಿ ತಕರಾರು ಮಾಡಲು ನನಗೆ ಜಾಗವಿಲ್ಲ. ಚುಚ್ಚಿದ್ದು ಅದರ ಮೊದಲ ಅರ್ಧ. ಊರಿಗೆ ಹೋಗಬೇಕು. ಯಾವ ಊರಿಗೆ? ಮನೆ ಕಟ್ಟಿದ್ದು, ಮಗಳು ಹುಟ್ಟಿದ್ದು, ನನ್ನ ವೋಟು ಇರುವುದು ಎಲ್ಲವೂ ಇಲ್ಲೇ. ತುಳು ಪೂರ್ತಿ ಅರ್ಥವಾಗುತ್ತದೆ, ಜಗಳಕ್ಕೆ ಸಾಲುವಷ್ಟು ಮಾತೂ ಬರುತ್ತದೆ. ಆದರೂ ತರಕಾರಿ ಅಂಗಡಿಯಲ್ಲಿ ಒಂದು ಕಾಯಿಯನ್ನು ಮೂಸಿ ನೋಡಿದ ಕೂಡಲೇ ನಾನು ಘಟ್ಟದವಳಾಗಿಬಿಟ್ಟೆ. ನಮ್ಮ ಕಚೇರಿಯಲ್ಲೂ ಹೀಗೆಯೇ. ಘಟ್ಟದವರು ಎಂಬ ಪದವನ್ನು ಅವರು ಪ್ರೀತಿಯಿಂದಲೇ ಹೇಳುತ್ತಾರೆ, ಪ್ರೀತಿಯಿಂದ ಹೇಳಿದರೂ ಅದು ಘಟ್ಟವೇ.

ಮರುದಿನದ ಸಂಕ್ರಾಂತಿ ಈ ಬೇಸರವನ್ನು ಇನ್ನಷ್ಟು ಹೆಚ್ಚಿಸಿತು. ಉಡುಪಿಯ ಕೃಷ್ಣಮಠದಲ್ಲಿ ಅಂದು ರಾತ್ರಿ ಮೂರು ತೇರು ಎಳೆಯುತ್ತಾರೆ, ಜನ ಸೇರುತ್ತದೆ. ಆದರೆ ನಮ್ಮಲ್ಲಿನಂತೆ ಎಳ್ಳುಬೆಲ್ಲದ ತಟ್ಟೆ ಹಿಡಿದು ಮನೆಮನೆಗೆ ಹೋಗುವ ರೂಢಿ ಇಲ್ಲಿಲ್ಲ. ಸಿಪ್ಪೆ ಸಮೇತ ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ, ಗೆಣಸು, ಕಡಲೆಕಾಯಿಯನ್ನು ಮೊರದಲ್ಲಿ ಹರವಿಕೊಂಡು ಸುತ್ತ ಕುಳಿತು ತಿನ್ನುವುದಂತೂ ಇಲ್ಲಿಯವರಿಗೆ ಹೇಳಿ ತಿಳಿಸುವಂಥದ್ದಲ್ಲ. ಸಂಜೆ ತಮ್ಮನಿಗೆ ಫೋನು ಮಾಡಿದೆ. ಅಂಗಡಿಯ ಕಥೆ ಹೇಳಿ, ಮುಂದಿನ ವಾರ ರಜೆ ಹಾಕಿ ನಾನೇ ಬರುತ್ತೇನೆ, ಎರಡು ದಿನ ಸೊಗಡಿನ ಕಾಯಿ ಕಣ್ಣಾರೆ ನೋಡಿ ಬರುತ್ತೇನೆ ಎಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, “ಸೊಗಡೆಲ್ಲಿ ಬಂತಕ್ಕ? ನಮ್ಮ ಹೊಲದಲ್ಲೂ ಈಗಿರೋದು ಹೆಬ್ಬಾಳದ್ದೇ” ಎಂದ.

ಹೆಬ್ಬಾಳದ್ದೆಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4ರಂಥ ತಳಿಗಳು. ಇವಕ್ಕೆ ಹಗಲು ಚಿಕ್ಕದಾಗುವುದನ್ನು ಕಾಯಬೇಕಿಲ್ಲ. ನೀರಿದ್ದರೆ ವರ್ಷದ ಯಾವ ತಿಂಗಳಲ್ಲಿ ಬಿತ್ತಿದರೂ ಹೂಬಿಟ್ಟು ಕಾಯಿ ಕೊಡುತ್ತವೆ. ಬೇಸಿಗೆಯಲ್ಲೂ ಪೇಟೆಯಲ್ಲಿ ಅವರೆಕಾಯಿ ಕಾಣುವುದು ಇವುಗಳಿಂದಲೇ. ಸೊಗಡು ಮಾತ್ರ ನಾಟಿಯಷ್ಟಿಲ್ಲ. ನನಗೆ ಸಿಟ್ಟು ಬಂತು. ನಾಟಿ ಬೀಜ ನಾಲ್ಕು ಸಾಲಾದರೂ ಹಾಕಬಾರದಿತ್ತೇ ಎಂದು ಗದರಿದೆ. ಅವನು ನಿಧಾನವಾಗಿ ಹೇಳಿದ: ರಾಗಿ ಕೊಯ್ಯುವುದು ಈಗ ಮಷೀನು, ನಡುವೆ ಅಕ್ಕಡಿ ಸಾಲಿದ್ದರೆ ಮಷೀನಿನವನು ಹೊಲಕ್ಕೇ ಇಳಿಯುವುದಿಲ್ಲ, ಕುಡುಗೋಲು ಹಿಡಿಯುವ ಆಳು ಸಿಕ್ಕರೂ ಅವರ ಕೂಲಿಯ ಮುಂದೆ ರಾಗಿಯ ಲೆಕ್ಕ ಹುಟ್ಟುವುದಿಲ್ಲ. “ನೀನು ಮೂಸಿ ನೋಡ್ಲಿ ಅಂತ ನಾನು ಹೊಲ ಮಾಡಕ್ಕಾಗುತ್ತೇನಕ್ಕ?” ಎಂದು ನಗುತ್ತಲೇ ಕೇಳಿದ. ಅಮ್ಮ ಬೂದಿ ಬೆರೆಸಿ ಬೀಜ ಇಡುತ್ತಿದ್ದ ಮಡಕೆ ಎಲ್ಲಿದೆ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಬಿಸಿಲಿಗೆ ಬೆನ್ನು ಕೊಡುವುದು ಬೇಡವೆಂದು ಓದಿ ಕೆಲಸ ಹಿಡಿದು ಮುನ್ನೂರು ಕಿಲೋಮೀಟರಿಗೂ ದೂರ ಬಂದು ಫ್ಯಾನಿನ ಕೆಳಗೆ ಕುಳಿತವಳು, ಅಲ್ಲೇ ಉಳಿದವನು ತನಗಾಗಿ ಒಂದು ವಾಸನೆಯನ್ನು ಕಾಪಾಡಿಲ್ಲವೆಂದು ಗದರುತ್ತಿದ್ದೆ. ಅವನು ಒಳ್ಳೆಯವನಾದ್ದರಿಂದ ಇದನ್ನು ಬಾಯಿಬಿಟ್ಟು ಹೇಳಲಿಲ್ಲ.

ಫೋನು ಇಟ್ಟ ಮೇಲೆ ಅಂಗಡಿಯ ಮಾತು ಮತ್ತೊಮ್ಮೆ ಕಿವಿಯಲ್ಲಿ ಸುಳಿಯಿತು. ಪರಿಮಳ ಬೇಕಾದರೆ ಊರಿಗೆ ಹೋಗಬೇಕು. ಈ ಸಲ ಅದು ಚುಚ್ಚಲಿಲ್ಲ. ಅಂಗಡಿಯವರು ಪಾಪ, ಊರು ಎಂಬುದೊಂದು ಇದ್ದಲ್ಲೇ ಇದೆಯೆಂದು ನಂಬಿದ್ದಾರಲ್ಲ ಎನಿಸಿತು.

ಶನಿವಾರ ಮತ್ತೆ ಕಂಕನಾಡಿಗೆ ಹೋದಾಗ ಅವರ ಮುಂದೆ ಇದನ್ನೇ ಹೇಳಿದೆ. ಊರಲ್ಲೂ ಈಗ ಅದು ಇಲ್ಲವಂತೆ ಅಕ್ಕ, ನೀವು ಹೋಗಿ ಎಂದಿರಿ, ಹೋಗಿ ಏನು ಮಾಡಲಿ ಎಂದು. ನಗುತ್ತಾರೆಂದುಕೊಂಡಿದ್ದೆ. ಅವರು ಸೌತೆಕಾಯಿ ಜೋಡಿಸುತ್ತಿದ್ದ ಕೈಯನ್ನು ನಿಲ್ಲಿಸಿ ಮೊದಲ ಬಾರಿಗೆ ನನ್ನ ಮುಖ ನೋಡಿದರು. “ನಾನು ನಿಮಗೆ ಬೇಜಾರು ಮಾಡ್ಲಿಕ್ಕೆ ಹೇಳಿದ್ದಲ್ಲ ಮಾರಾಯ್ರೆ, ನನ್ನ ಮಗನಿಗೂ ನಾನು ಅದೇ ಹೇಳುವುದು” ಎಂದರು.

ಮಗ ದುಬೈಯಲ್ಲಿದ್ದಾನೆ. ಮೇ ತಿಂಗಳ ಕೊನೆಯಲ್ಲಿ ಇಲ್ಲಿ ಮೊದಲ ಗುಡುಗು ಮಳೆ ಬಿತ್ತೆಂಬ ಸುದ್ದಿ ಅವನಿಗೆ ಹೇಗೋ ತಲುಪುತ್ತದೆ. ಆ ರಾತ್ರಿಯೇ ಫೋನು ಮಾಡಿ, ಅಮ್ಮ, ಕಲ್ಲಣಬೆ ಬಂತಾ ಎಂದು ಕೇಳುತ್ತಾನೆ. ಗುಡುಗಿಗೆ ನೆಲದೊಳಗಿಂದ ಮೇಲೆದ್ದು ಬರುತ್ತದೆಂದು ಇಲ್ಲಿಯವರು ನಂಬುವ, ಗೋಲಿಯಂತೆ ಉರುಟಾದ, ಹಲ್ಲಿಗೆ ಸಿಕ್ಕರೆ ಟಪ್ ಎನ್ನುವ ಆ ಅಣಬೆಗೆ ಆಯಸ್ಸು ಕಡಿಮೆ. ಎರಡು ದಿನ ತಡೆದರೆ ಒಳಗಿನ ಬಿಳುಪು ಕಪ್ಪಾಗುತ್ತದೆ, ಮತ್ತೆ ತಿನ್ನುವಂತಿಲ್ಲ. ವಿಮಾನ ಹತ್ತಿಸಿ ಕಳಿಸುವ ವಸ್ತುವಲ್ಲ. ಒಮ್ಮೆ ಗಟ್ಟಿ ಸುಕ್ಕ ಮಾಡಿ, ಊರಿಗೆ ಬಂದಿದ್ದ ಪರಿಚಯದವರ ಕೈಯಲ್ಲಿ ಡಬ್ಬಿ ಕೊಟ್ಟು ಕಳಿಸಿದರಂತೆ. ತಿಂದವನು, “ಇದು ಅದಲ್ಲ ಅಮ್ಮ” ಎಂದನಂತೆ. “ಹಾಗಾಗಿ ನಾನು ಕಳಿಸುವುದನ್ನೇ ಬಿಟ್ಟೆ. ಬೇಕಾದ್ರೆ ಊರಿಗೆ ಬಾ ಅಂತೇನೆ. ನಾಲ್ಕು ವರ್ಷ ಆಯ್ತು ಬರ್ಲಿಲ್ಲ.”

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಮೂರು ದಿನಗಳಿಂದ ನನ್ನನ್ನು ಹೊರಗಿನವಳೆಂದು ದೂಡಿದ ಮಾತೆಂದು ನಾನು ಹೊತ್ತು ತಿರುಗುತ್ತಿದ್ದುದು, ಅವರು ವರ್ಷಕ್ಕೊಮ್ಮೆ ಫೋನಿನಲ್ಲಿ ಮಗನನ್ನು ಕರೆಯುವ ಮಾತಾಗಿತ್ತು. ಬಾಯಿಗೆ ಅಷ್ಟು ರೂಢಿಯಾದದ್ದರಿಂದಲೇ ತೊಂಡೆಕಾಯಿ ತೂಗುತ್ತ ನನಗೂ ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ಇನ್ನೊಬ್ಬರು ಬಂದು ಹರಿವೆ ಸೊಪ್ಪು ಕೇಳಿದರು. ಅವರನ್ನು ಸ್ವಲ್ಪ ನಿಲ್ಲಿ ಎಂದು ತುಳುವಿನಲ್ಲಿ ನಿಲ್ಲಿಸಿ, ಅಕ್ಕ ಅವರೆಕಾಯಿಯ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಂದು ಬೆಳಿಗ್ಗೆಯಷ್ಟೇ ಇಳಿದ ಕಾಯಿ, ನೋಡಲಿಕ್ಕೆ ಚೆನ್ನಾಗಿತ್ತು. ಒಂದನ್ನು ಎತ್ತಿ, ನಾನು ಮಾಡಿದಂತೆಯೇ ಹೆಬ್ಬೆರಳಿನಿಂದ ಉಜ್ಜಿ ಮೂಗಿಗೆ ಹಿಡಿದರು.

“ಹೇಗಿರ್ಬೇಕಕ್ಕ ಅದು?”

ಸಿಕ್ಕರೆ ಗೊತ್ತಾಗುತ್ತದೆ ಎಂದೆ.

“ಇದ್ರಲ್ಲಿ ಎಂತದೂ ಇಲ್ಲ” ಎಂದು ಅದನ್ನು ಬದಿಗಿಟ್ಟು, ಬುಟ್ಟಿಯ ತಳದವರೆಗೆ ಕೈ ಹಾಕಿ ಇನ್ನೊಂದನ್ನು ತೆಗೆದರು.