ಕೀ ಕೊಡುವ ವಾಚು

ಇವತ್ತು ಸಂಜೆ ಅಂಗಡಿಗೆ ಹೋಗಿ ಒಮೆಗಾ ಸ್ಪೀಡ್‌ಮಾಸ್ಟರ್ ಕೈಗೆ ಕಟ್ಟಿಕೊಂಡು ನೋಡಿದೆ. ಎರಡು ವರ್ಷದ ಆಸೆ ಇದು. 1957ರಲ್ಲಿ ಕಾರ್ ರೇಸಿನವರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ ವಾಚು. 1969ರಲ್ಲಿ ಬಜ್ ಆಲ್ಡ್ರಿನ್ ಇದನ್ನೇ ಕಟ್ಟಿಕೊಂಡು ಚಂದ್ರನ ಮೇಲೆ ಓಡಾಡಿದರು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತದೆ.

ಬೆಲೆ ಲಕ್ಷಗಳಲ್ಲಿ. ಜೊತೆಗೆ ಕೆಲವು ವರ್ಷಕ್ಕೊಮ್ಮೆ ಸರ್ವಿಸ್ ಖರ್ಚು ಬೇರೆ. ಹಣ ಕೂಡಿಟ್ಟಿದ್ದೇನೆ, ಸಾಲ ಬೇಕಿಲ್ಲ. ಆದರೂ ಕೈ ಹಿಂದೆ ಸರಿಯಿತು.

ಇದಕ್ಕೆ ಬ್ಯಾಟರಿ ಇಲ್ಲ, ಕೀ ಕೊಡಬೇಕು. ಈಗಿನ ಮಾಡೆಲ್ಲಿಗೆ ಪೂರ್ತಿ ಕೊಟ್ಟರೆ 50 ಗಂಟೆ ಓಡುತ್ತದೆ. ಆ ಕೀ ತಿರುಗಿಸುತ್ತಿದ್ದಾಗ ಅಪ್ಪ ನೆನಪಾದರು. ಅವರದ್ದು ಎಚ್‌ಎಂಟಿ ಜನತಾ. ದಿನಾ ಬೆಳಿಗ್ಗೆ ಕಾಫಿ ಮುಗಿಸಿ ಕೀ ಕೊಡುತ್ತಿದ್ದರು. ಒಮ್ಮೆ ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿದ ಮೇಲೇ ಕಟ್ಟಿಕೊಳ್ಳುವುದು. ನನಗೂ ಕೇಳಿಸುತ್ತಿದ್ದರು. ನನಗೆ ಬೇಕಿರುವುದು ಚಂದ್ರನಿಗೆ ಹೋದ ವಾಚಾ, ಆ ಬೆಳಗಿನ ಸದ್ದಾ? ಎರಡೂ ಇರಬಹುದು, ಅಲ್ವಾ?

ಸಂಕ್ರಾಂತಿವರೆಗೆ ಕಾಯುತ್ತೇನೆ. ನಾಳೆ ಮೊದಲು ಬೀರುವಿನಲ್ಲಿರುವ ಅಪ್ಪನ ವಾಚನ್ನು ರಿಪೇರಿಗೆ ಕೊಡಬೇಕು. ಗಾಜು ಬಿರುಕು ಬಿಟ್ಟಿದೆ.