ದೊಡ್ಡಮ್ಮನ ಡ್ರೆಸ್ಸಿಂಗ್ ಟೇಬಲ್

ದಾವಣಗೆರೆಯ ನಿಟುವಳ್ಳಿ ಮನೆ ಖಾಲಿ ಮಾಡಿ ದೊಡ್ಡಮ್ಮ ಮಗನ ಜೊತೆ ಬೆಂಗಳೂರಿಗೆ ಹೊರಟಿದ್ದರು. ಪಾತ್ರೆ, ಬೀರು ಎಲ್ಲ ಹಂಚಿ ಹೋದವು. ಹಳೇ ಮಂಚ ಹರಿಹರದ ಚಿಕ್ಕಪ್ಪನ ಮನೆಗೆ ಹೋಯಿತು. ಉಳಿದದ್ದು ಡ್ರೆಸ್ಸಿಂಗ್ ಟೇಬಲ್. ಕಮಾನಿನ ಕನ್ನಡಿ, ಎರಡೂ ಬದಿ ಹೂಬಳ್ಳಿ, ಕೆಳಗೆ ಮೂರು ಡ್ರಾ, ಹಿತ್ತಾಳೆ ಬಣ್ಣದ ಹಿಡಿ, ಬಾಗಿದ ಕಾಲು. ನೋಡಿದರೆ ಅರಮನೆ ಸಾಮಾನಿನ ಹಾಗೇ ಇದೆ.

"ನಿಮ್ಮಜ್ಜನ ಕಾಲದ್ದವ್ವ ಇದು. ಪೂರ್ತಿ ಸಾಗುವಾನಿ. ಐವತ್ತು ಸಾವಿರಕ್ಕೆ ಕಡಿಮೆ ಕೊಡಬೇಡ" ಅಂದರು ದೊಡ್ಡಮ್ಮ.

ಹಳೇ ಸಾಮಾನಿನ ಅಂಗಡಿಯವರು ಬಾಗಿಲಲ್ಲೇ ನಿಂತು ನೋಡಿ ಎರಡು ಸಾವಿರ ಅಂದರು. ದೊಡ್ಡಮ್ಮನ ಮುಖ ಸಣ್ಣದಾಯಿತು. ನನಗೂ ಸಿಟ್ಟು ಬಂತು. ಫೋನಿನಲ್ಲಿ ಹುಡುಕಿದರೆ ಇಂಥದ್ದಕ್ಕೇ ಮೂವತ್ತು, ನಲವತ್ತು ಸಾವಿರ ಕೇಳಿದವರಿದ್ದರು. ಆದರೆ ಅವೆಲ್ಲ ತಿಂಗಳುಗಟ್ಟಲೆ ಮಾರಾಟವಾಗದೆ ಅಲ್ಲೇ ಕೂತಿದ್ದವು. ಮಾರಿದವರಿಗೆ ಎಷ್ಟು ಸಿಕ್ಕಿತು ಅನ್ನೋದು ತಾನೇ ನಮಗೆ ಬೇಕಾದದ್ದು, ಅಲ್ವಾ? ಅದು ಎಲ್ಲೂ ಇರಲಿಲ್ಲ.

ಕೊನೆಗೆ ನಮ್ಮ ಮನೆಗೆ ಬಾಗಿಲು ಮಾಡಿಕೊಟ್ಟ ಬಡಗಿಯನ್ನು ಕರೆದೆ. ಅವರು ಕನ್ನಡಿ ಕಡೆ, ಕೆತ್ತನೆ ಕಡೆ ತಿರುಗಿ ಕೂಡ ನೋಡಲಿಲ್ಲ. ಸೀದಾ ಒಂದು ಡ್ರಾ ಎಳೆದು ತಲೆಕೆಳಗೆ ಮಾಡಿ ನೆಲದ ಮೇಲಿಟ್ಟರು.

"ಈ ಮೂಲೆ ನೋಡ್ರಿ ಅಕ್ಕಾರೆ. ಹಲ್ಲು ಕಚ್ಚಿಕೊಂಡಾವಲ್ಲ, ಎಲ್ಲಾ ಒಂದೇ ಅಳತೆ. ಕೈಯಾಗ ಕೊರೆದಿದ್ರೆ ಒಂದು ದಪ್ಪ, ಒಂದು ಸಣ್ಣ ಇರ್ತಿತ್ತು. ಇದು ಮಷೀನಿನ ಕೆಲಸ."

ಆಮೇಲೆ ಮೇಲಿನ ಹಲಗೆಯ ಅಂಚಿಗೆ ಬೆರಳು ಇಟ್ಟರು. ಗಟ್ಟಿ ಮರವಾದರೆ ಮೇಲೆ ಕಾಣುವ ಎಳೆ ಹಲಗೆಯ ತುದಿಯಲ್ಲೂ ಮುಂದುವರಿಯುತ್ತದಂತೆ. ಇಲ್ಲಿ ಅಂಚಿಗೆ ಬೇರೆ ಪಟ್ಟಿ ಅಂಟಿಸಿದ್ದರು, ಅದು ಎದ್ದ ಕಡೆ ಪ್ಲೈವುಡ್‌ನ ಪದರಗಳು ಸಾಲಾಗಿ ಕಂಡವು, ಅವುಗಳ ಮೇಲೆ ವೆನೀರ್, ಅಂದರೆ ಕಾಗದದಷ್ಟು ತೆಳ್ಳಗಿನ ತೇಗದ ಹಾಳೆ. ಹೂಬಳ್ಳಿಯನ್ನೂ ಕೊರೆದಿರಲಿಲ್ಲ, ಅಚ್ಚಿನಲ್ಲಿ ಒತ್ತಿ ಅಂಟಿಸಿದ್ದರು. ಎಡಗಡೆ ಹೂವಿನ ಎಸಳಲ್ಲಿ ಒಂದು ಸಣ್ಣ ಸೀಳಿನಂಥ ಗುರುತು ಇತ್ತು. ಬಲಗಡೆ ಹೂವಿನಲ್ಲೂ ಅದೇ ಜಾಗದಲ್ಲಿ ಅದೇ ಗುರುತು! ಹಿಡಿಗಳಿಗೆ ಆಯಸ್ಕಾಂತ ಅಂಟಿತು. ಹಿತ್ತಾಳೆಗೆ ಅಂಟುವುದಿಲ್ಲ. ಕಾಲಿನ ಅಡಿಯಲ್ಲಿ ಮಾತ್ರ ಉಪ್ಪು ಕಾಗದ ಉಜ್ಜಿದಾಗ ಚರ್ಮದಂಥ, ಎಣ್ಣೆ ಎಣ್ಣೆ ವಾಸನೆ ಬಂತು. ಕಾಲು ನಾಲ್ಕೂ ನಿಜವಾದ ತೇಗ.

ವಯಸ್ಸು ಸಿಕ್ಕಿದ್ದು ಕೆಳಗಿನ ಡ್ರಾದ ಹಿಂಬದಿಯಲ್ಲಿ. ಅಂಗಡಿಯ ಒಂದು ಚೀಟಿ, ಅರ್ಧ ಹರಿದಿತ್ತು. ಹೆಸರು ಹೋಗಿತ್ತು, ವಿಳಾಸ ಉಳಿದಿತ್ತು. ದಾವಣಗೆರೆ, 577002, ಚಿತ್ರದುರ್ಗ ಜಿಲ್ಲೆ. ನಾನು ಅದನ್ನು ಎರಡು ಸಲ ಓದಿದೆ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ದಾವಣಗೆರೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಅದೂ ಆಗಸ್ಟ್ 15ಕ್ಕೇ. ಹಾಗಾದರೆ ಟೇಬಲ್ ಬಂದದ್ದು ಬಹುಶಃ ಆ ಇಪ್ಪತ್ತೈದು ವರ್ಷದೊಳಗೆ. ನಮ್ಮಜ್ಜ ತೀರಿಕೊಂಡದ್ದು 1969ರಲ್ಲಿ.

ದೊಡ್ಡಮ್ಮನಿಗೆ ಹೇಗೆ ಹೇಳೋದು ಅಂತ ಅಳುಕಿತ್ತು. ಚೀಟಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತು, "ಹೌದವ್ವ, ನಿಮ್ಮಣ್ಣ ಹುಟ್ಟಿದ ವರ್ಷ. ಮಿಲ್ಲಿನಲ್ಲಿ ಬೋನಸ್ ಬಂದಿತ್ತು. ನಿಮ್ಮ ದೊಡ್ಡಪ್ಪ ಎತ್ತಿನ ಗಾಡಿಯಲ್ಲಿ ಹಾಕಿಸಿಕೊಂಡು ಬಂದು, ಕನ್ನಡಿ ಒಡೆದೀತು ಅಂತ ತಾವೇ ಹಿಡಿದುಕೊಂಡು ಕೂತಿದ್ದರು" ಅಂದರು. ಇಷ್ಟು ವರ್ಷದಲ್ಲಿ ಈ ಮಾತು ನಮಗೆ ಯಾರಿಗೂ ಹೇಳಿರಲಿಲ್ಲ. ನನಗಂತೂ ಅಜ್ಜನ ಕಥೆಗಿಂತ ಇದೇ ಜಾಸ್ತಿ ಹಿಡಿಸಿತು.

ಬೆಲೆ ವಿಷಯದಲ್ಲಿ ಬಡಗಿ ನೇರವಾಗಿ ಹೇಳಿದರು. ಕಾರ್ಖಾನೆಯಲ್ಲಿ ಒಂದೇ ನಮೂನೆಯಲ್ಲಿ ರಾಶಿ ಮಾಡಿದ ಸಾಮಾನಿಗೆ ಹಳೇದು ಅಂತ ಯಾರೂ ಹೆಚ್ಚು ಕೊಡುವುದಿಲ್ಲ, ಬಳಸೋಕೆ ಚೆನ್ನಾಗಿದೆ ಅಂತ ಕೊಡುತ್ತಾರೆ. ಪ್ಲೈ ನೀರು ಕುಡಿದಿಲ್ಲ, ಕನ್ನಡಿಯ ರಸ ಹೋಗಿಲ್ಲ, ಡ್ರಾ ಸರಾಗ. ಪಟ್ಟಿ ಅಂಟಿಸಿ ಪಾಲಿಶ್ ಹೊಡೆದರೆ ಆರೇಳು ಸಾವಿರ ಬರಬಹುದು ಅಂದರು. ಪಕ್ಕದ ಬೀದಿಯಲ್ಲಿ ಹೊಸದಾಗಿ ಸಂಸಾರ ಹೂಡಿದ ದಂಪತಿ ಆರೂವರೆ ಸಾವಿರಕ್ಕೆ ತಗೊಂಡರು. ಪ್ಲೈವುಡ್ ಅಂತ ಮೊದಲೇ ಹೇಳಿದ್ದೆ. ಚೀಟಿ ಮಾತ್ರ ದೊಡ್ಡಮ್ಮ ಬಿಡಿಸಿಕೊಂಡರು.

ಗೂಡ್ಸ್ ಆಟೋಗೆ ಟೇಬಲ್ ಏರಿಸುವಾಗ ಕೇಳಿದೆ, "ಹಂಗಾದ್ರೆ ಅಜ್ಜ ಮಾಡಿಸಿದ್ದು ಯಾವುದು ದೊಡ್ಡಮ್ಮ?"

"ಮಂಚ ಕಣವ್ವ. ಮನೆ ಮುಂದೇನೇ ಬಡಗೇರು ಕೂತು ಮಾಡಿದ್ದು."

ತಕ್ಷಣ ಹರಿಹರಕ್ಕೆ ಫೋನ್ ಮಾಡಿದೆ. ಚಿಕ್ಕಪ್ಪ ಮಂಚಕ್ಕೆ ಹೊಡೆಸೋಕೆ ಬಿಳಿ ಪೇಂಟ್ ತರಿಸಿದ್ದರು. ಡಬ್ಬಿ ಇನ್ನೂ ತೆಗೆದಿರಲಿಲ್ಲ.